ಮೊದಲ ಮಗುವಿಗೆ ಗಾಬರಿ, ಮೂರನೆಯದಕ್ಕೆ ನಿರಾಳ: ಯಾಕೆ ಹೀಗೆ?

[ದೃಶ್ಯ: ಮಡಿಕೇರಿ ಮಳೆ. ಬಚ್ಚಲು ಒಲೆಯ ಮೇಲೆ ಸಾಲಾಗಿ ಮಗುವಿನ ಬಟ್ಟೆ.]

ನಮಸ್ಕಾರ. ಜುಲೈ ಮಳೆಯಲ್ಲಿ ಕೊಡಗಿನಲ್ಲಿ ಚೊಚ್ಚಲ ಮಗು ಹುಟ್ಟಿದ ಮನೆ ನೋಡಿದ್ದೀರಾ? ಕಿಟಕಿ, ಬಾಗಿಲು ಎಲ್ಲಾ ಬಂದ್. ಒಲೆ ಮೇಲೆ ಒಣಗಿದ ಬಟ್ಟೆಗೆ ಮತ್ತೆ ಇಸ್ತ್ರಿ. ಮಗು ಸೀನಿದರೆ ಅಪ್ಪ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಅದೇ ಮನೆಯಲ್ಲಿ ಮೂರನೇ ಮಗು ಸೀನಿದರೆ ಅಜ್ಜಿ "ನೂರು ವರ್ಷ ಬಾಳು" ಅನ್ನುತ್ತಾರೆ, ಅಮ್ಮ ಅಡುಗೆಮನೆಯಿಂದ ಹೊರಗೂ ಬರುವುದಿಲ್ಲ.

ಪ್ರೀತಿ ಕಮ್ಮಿಯಾಯಿತಾ? ಖಂಡಿತ ಇಲ್ಲ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನುವುದು ಗೊತ್ತಾಗಿದೆ, ಅಷ್ಟೇ.

[ದೃಶ್ಯ: ಮಲಗಿದ ಹಸುಗೂಸು, ಮೂಗಿನ ಹತ್ತಿರ ಅಮ್ಮನ ಬೆರಳು.]

ಉಸಿರನ್ನೇ ನೋಡಿ. ಹಸುಗೂಸು ನಿದ್ದೆಯಲ್ಲಿ ಬೇಗ ಬೇಗ ಉಸಿರಾಡಿ, ಐದಾರು ಸೆಕೆಂಡ್ ಸುಮ್ನೆ ನಿಲ್ಲಿಸಿಬಿಡುತ್ತದೆ. ಆಮೇಲೆ ಮತ್ತೆ ಶುರು. ಉಸಿರಾಟ ನಡೆಸುವ ಮೆದುಳಿನ ಭಾಗ ಇನ್ನೂ ಬಲಿಯುತ್ತಿರುತ್ತದೆ, ಅದಕ್ಕೇ ಹೀಗೆ. ಆ ಐದು ಸೆಕೆಂಡಿನಲ್ಲಿ ಮೊದಲ ಸಲ ತಾಯಿಯಾದವರ ಜೀವ ಬಾಯಿಗೆ ಬರುತ್ತದೆ. ರಾತ್ರಿಯೆಲ್ಲಾ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿರುತ್ತಾರೆ, ಪಾಪ. ಎರಡನೇ ಮಗುವಿನ ಹೊತ್ತಿಗೆ ಇದೆಲ್ಲ ಮಾಮೂಲಿ ಅಂತ ಗೊತ್ತಿರುತ್ತದೆ, ನಿದ್ದೆ ಬರುತ್ತದೆ. ಹುಟ್ಟಿದ ಮೊದಲ ವಾರ ತೂಕ ಸ್ವಲ್ಪ ಇಳಿಯುವುದೂ ಹಾಗೇ. ಸಾಮಾನ್ಯವಾಗಿ ಎರಡು ವಾರದೊಳಗೆ ವಾಪಸ್ ಬರುತ್ತದೆ.

[ದೃಶ್ಯ: ಕಾಫಿ ತೋಟ, ಮಗುವಿನ ಕಾಲಿಗೆ ಜಿಗಣೆ.]

ಇನ್ನು ಜಿಗಣೆ! ದೊಡ್ಡವನ ಕಾಲಲ್ಲಿ ರಕ್ತ ಕಂಡಾಗ ಮನೆಯೇ ಕೂಗಾಡಿತ್ತು. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುತ್ತದೆ, ಅದಕ್ಕೇ ಬೇಗ ನಿಲ್ಲುವುದಿಲ್ಲ. ಚಿಕ್ಕವಳ ಸರದಿ ಬಂದಾಗ ಅಮ್ಮ ಮಾತಾಡುತ್ತಲೇ ಉಗುರಿನಿಂದ ಜಿಗಣೆ ಜಾರಿಸಿ, ಸೋಪು ಹಾಕಿ ತೊಳೆದು, ಬಟ್ಟೆ ಒತ್ತಿ ಹಿಡಿಯುತ್ತಾರೆ. ಅಮ್ಮನ ಮುಖ ನೋಡಿ ಮಗುವೂ ಅಳುವುದಿಲ್ಲ. ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ.

ಆದರೆ ಕೆಲವು ವಿಷಯದಲ್ಲಿ ಎಷ್ಟನೇ ಮಗುವಾದರೂ ಸಡಿಲ ಬಿಡಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಉಸಿರು 20 ಸೆಕೆಂಡ್ ನಿಂತರೆ, ತುಟಿ ನೀಲಿಯಾದರೆ ಕೂಡ ಅಷ್ಟೇ. ವರ್ಷ ತುಂಬುವವರೆಗೆ ಜೇನು ನೆಕ್ಕಿಸಬೇಡಿ, ನಮ್ಮ ತೋಟದ ಜೇನಾದರೂ ಸರಿ.

ಮತ್ತೆ ಲಸಿಕೆ. ದೊಡ್ಡ ಮಗುವಿನ ತಾಯಿ ಕಾರ್ಡ್ ನೀಟಾಗಿ ತುಂಬಿರುತ್ತದೆ, ಚಿಕ್ಕದರದ್ದು ಅರ್ಧಕ್ಕೇ ನಿಂತಿರುತ್ತದೆ, ಅಲ್ವಾ? ಜಾಸ್ತಿ ಮರೆತುಹೋಗುವುದು 16ರಿಂದ 24 ತಿಂಗಳ ನಡುವಿನ ಬೂಸ್ಟರ್. ಈಗಲೇ ವಿಡಿಯೋ ನಿಲ್ಲಿಸಿ, ಆ ಕಾರ್ಡ್ ತೆಗೆದು ನೋಡಿ.