ಕೇಳಿಸದ ಬಾಸ್: ಚಾರ್ಲ್ಸ್ ಮಿಂಗಸ್ ಕುರಿತು

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಕೇಳಿದಿರಲ್ಲ, ಅದರ ಆರಂಭದಲ್ಲಿ ಬೇರೆ ಯಾವ ವಾದ್ಯವೂ ಇರಲಿಲ್ಲ. ನಾಲ್ಕು ತಂತಿ, ಎರಡು ಕೈ, ಅಷ್ಟೇ. 1957ರಲ್ಲಿ ಮುದ್ರಣವಾದ ‘ಹೈಟಿಯನ್ ಫೈಟ್ ಸಾಂಗ್’ ಅದು. ನುಡಿಸಿದವರು ಚಾರ್ಲ್ಸ್ ಮಿಂಗಸ್.

ಡಬಲ್ ಬಾಸ್ ಅಂದರೆ ಆಳೆತ್ತರದ ಪಿಟೀಲು ಅಂದುಕೊಳ್ಳಿ. ಜಾಝ್ ತಂಡದಲ್ಲಿ ಬಡಿತಕ್ಕೊಂದು ಸ್ವರ ಇಡುತ್ತಾ ಹೆಜ್ಜೆ ಹಾಕುವುದು ಅದರ ಕೆಲಸ. ಹಾಡಿನ ತಳಪಾಯ. ಮನೆ ನೋಡಲು ಬಂದವರು ಗೋಡೆ ಹೊಗಳುತ್ತಾರೆ, ಬಾಗಿಲು ಹೊಗಳುತ್ತಾರೆ, ತಳಪಾಯದ ಮಾತೆತ್ತುವುದಿಲ್ಲ. ಆ ಜಾಗದಲ್ಲೇ ನಿಂತು ತಂಡ ಕಟ್ಟಿ ನಡೆಸಿದವರ ಕತೆಯನ್ನು ನಾನು ಇವತ್ತು ಹೇಳಬೇಕಿದೆ.

ಮಿಂಗಸ್ ಹುಟ್ಟಿದ್ದು 1922ರ ಏಪ್ರಿಲ್ 22ರಂದು, ಅರಿಜೋನಾದ ನೊಗಾಲೆಸ್‌ನಲ್ಲಿ. ತಂದೆ ಸೈನ್ಯದಲ್ಲಿ ಸಾರ್ಜೆಂಟ್. ಕೂಸಿಗೆ ಕೆಲವೇ ತಿಂಗಳಾಗಿದ್ದಾಗ ತಾಯಿ ತೀರಿಕೊಂಡರು. ಬೆಳೆದದ್ದು ಲಾಸ್ ಏಂಜಲಿಸ್‌ನ ವಾಟ್ಸ್‌ನಲ್ಲಿ, ಮಲತಾಯಿಯ ಕೈಯಲ್ಲಿ. ಮನೆಯಲ್ಲಿ ಚರ್ಚಿನ ಸಂಗೀತ ಬಿಟ್ಟು ಬೇರೇನಕ್ಕೂ ಎಡೆಯಿರಲಿಲ್ಲ. ಆದರೆ ಆ ಚರ್ಚು ಮೌನದ ಚರ್ಚಲ್ಲ. ಅಲ್ಲಿ ಚಪ್ಪಾಳೆ, ಕೂಗು, ಒಬ್ಬರು ಕರೆದರೆ ಇಡೀ ಸಭೆ ಓಗೊಡುವುದು. ಇದನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಜೊತೆಗೆ ರೇಡಿಯೋದಲ್ಲಿ ಕೇಳಿಬಂದ ಜಾಝ್ ತಂಡನಾಯಕ ಡ್ಯೂಕ್ ಎಲಿಂಗ್ಟನ್.

ಹುಡುಗ ಮೊದಲು ಊದುವ ವಾದ್ಯವಾದ ಟ್ರಾಂಬೋನ್ ಹಿಡಿದ, ಆಮೇಲೆ ಪಿಟೀಲಿನ ಜಾತಿಯ ಚೆಲ್ಲೋ. ಚೆಲ್ಲೋ ಅವನಿಗೆ ಪ್ರಾಣವಾಗಿತ್ತು. ಆದರೆ ಆ ಕಾಲದ ಅಮೆರಿಕದಲ್ಲಿ ಕಪ್ಪು ಹುಡುಗನೊಬ್ಬ ಚೆಲ್ಲೋ ಕಲಿತು ದೊಡ್ಡ ಆರ್ಕೆಸ್ಟ್ರಾ ಸೇರುವ ದಾರಿ ಮುಚ್ಚಿಯೇ ಇತ್ತು. ಗೆಳೆಯ ಬಡ್ಡಿ ಕೊಲೆಟ್ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಬಾಸ್ ಹಿಡಿ ಎಂದ. ಮಿಂಗಸ್ ಅವರ ಸಂಗೀತದ ಸಿಟ್ಟು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಆಸೆಪಟ್ಟ ವಾದ್ಯ ಬಿಟ್ಟು ಬೇರೆಯದನ್ನು ಎತ್ತಿಕೊಂಡ ಹುಡುಗ ಅದನ್ನೇ ಜಗತ್ತು ಕೇಳುವಂತೆ ಮಾಡಿದ. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸುತ್ತಿದ್ದ ಹರ್ಮನ್ ರೈನ್ಶಾಗೆನ್ ಬಳಿ ಐದು ವರ್ಷ ಕಲಿತರು. ನಲವತ್ತರ ದಶಕದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್, ಲಯನಲ್ ಹ್ಯಾಂಪ್ಟನ್ ತಂಡಗಳಲ್ಲಿ ನುಡಿಸಿದರು. 1953ರಲ್ಲಿ ಆರಾಧ್ಯದೈವ ಎಲಿಂಗ್ಟನ್‌ರ ತಂಡಕ್ಕೇ ಸೇರಿ, ಟ್ರಾಂಬೋನ್ ವಾದಕರೊಬ್ಬರ ಜೊತೆ ಜಗಳವಾಡಿ, ಕೆಲವೇ ದಿನಗಳಲ್ಲಿ ಹೊರಬಿದ್ದರು.

ಅದೇ 1953ರ ಮೇ 15. ಟೊರಾಂಟೋದ ಮ್ಯಾಸಿ ಹಾಲ್. ವೇದಿಕೆಯ ಮೇಲೆ ಆ ಕಾಲದ ಜಾಝ್ ದಿಗ್ಗಜರು: ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ, ಬಡ್ ಪವೆಲ್, ಮ್ಯಾಕ್ಸ್ ರೋಚ್, ಮಿಂಗಸ್. ಅಂಥ ಐವರು ಸೇರಿದ್ದರೂ ಸಭಾಂಗಣ ತುಂಬಿರಲಿಲ್ಲ. ಅದೇ ರಾತ್ರಿ ಹೆವಿವೇಟ್ ಬಾಕ್ಸಿಂಗ್ ಪಂದ್ಯವಿತ್ತು. ಆ ಕಚೇರಿಯ ಟೇಪನ್ನು ಮಿಂಗಸ್ ಮತ್ತು ರೋಚ್ ತಾವೇ ನಡೆಸುತ್ತಿದ್ದ ಡೆಬ್ಯೂ ಎಂಬ ಕಂಪನಿಯಿಂದ ಹೊರತಂದರು. ಆದರೆ ಟೇಪ್ ಹಾಕಿ ಕೇಳಿದರೆ, ಎಲ್ಲರೂ ಇದ್ದಾರೆ, ಬಾಸ್ ಮಾತ್ರ ಕೇಳಿಸುವುದೇ ಇಲ್ಲ. ಮಿಂಗಸ್ ಸ್ಟುಡಿಯೋದಲ್ಲಿ ಕೂತು ಅದರ ಮೇಲೆ ತಮ್ಮ ಭಾಗವನ್ನು ಮತ್ತೆ ನುಡಿಸಿ ಸೇರಿಸಿದರು. ಕೆಲವರು ಇದನ್ನು ಅಹಂಕಾರ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನುಡಿಸಿದ್ದು ನುಡಿಸಿದವನಿಗೇ ಕೇಳಿಸದೆ ಹೋದರೆ ಸಹಿಸಿಕೊಳ್ಳುವುದು ಹೇಗೆ?

ಐವತ್ತರ ದಶಕದಲ್ಲಿ ಅವರು ಕಟ್ಟಿದ ತಂಡದ ಹೆಸರು ಜಾಝ್ ವರ್ಕ್‌ಶಾಪ್. ಅಲ್ಲಿ ಸ್ವರಲಿಪಿಯ ಹಾಳೆ ಕೊಡುವುದು ಕಡಿಮೆ. ಮಿಂಗಸ್ ಪಿಯಾನೋದಲ್ಲಿ ನುಡಿಸಿ, ಬಾಯಲ್ಲಿ ಹಾಡಿ ತೋರಿಸುತ್ತಿದ್ದರು; ವಾದಕರು ಕಿವಿಯಿಂದ ಕಲಿತು, ತಮ್ಮದನ್ನು ಸೇರಿಸಿ ನುಡಿಸಬೇಕು. ಹಾಳೆ ನೋಡಿ ನುಡಿಸಿದರೆ ಸ್ವರ ಬರುತ್ತದೆ, ಮನುಷ್ಯ ಬರುವುದಿಲ್ಲ ಎಂಬುದು ಆ ಪದ್ಧತಿಯ ಒಳಗುಟ್ಟು ಎಂದು ನಾನು ತಿಳಿದಿದ್ದೇನೆ. ಸಭಿಕರ ಎದುರಿಗೇ ಹಾಡು ನಿಲ್ಲಿಸಿ, ತಿದ್ದಿ, ಮೊದಲಿಂದ ಶುರುಮಾಡುತ್ತಿದ್ದರು. ಸಭಿಕರು ಮಾತಾಡಿದರೆ ಅವರಿಗೂ ಬೈಗುಳ. ಬಡಿತವನ್ನು ಒಂದು ಚುಕ್ಕೆ ಎಂದು ನೋಡಬೇಡಿ, ಅದರ ಸುತ್ತ ಒಂದು ವೃತ್ತವಿದೆ, ಆ ವೃತ್ತದೊಳಗೆ ಎಲ್ಲಿ ಬೇಕಾದರೂ ಸ್ವರ ಇಡಬಹುದು ಎನ್ನುವುದು ಅವರ ಲಯದ ಕಲ್ಪನೆ. ಇದನ್ನು ಪೂರ್ತಿ ಅರಗಿಸಿಕೊಂಡವರು ಡ್ರಮ್ಮರ್ ಡ್ಯಾನಿ ರಿಚ್ಮಂಡ್. ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು ಡ್ರಮ್ಸ್‌ಗೆ ಬಂದು, ಸುಮಾರು ಇಪ್ಪತ್ತು ವರ್ಷ ಮಿಂಗಸ್ ಜೊತೆಗಿದ್ದರು. ನಡೆ ಇದ್ದಕ್ಕಿದ್ದಂತೆ ದುಪ್ಪಟ್ಟಾಗುತ್ತದೆ, ತಟ್ಟನೆ ಇಳಿಯುತ್ತದೆ. ಇಬ್ಬರೂ ಒಂದೇ ಉಸಿರಿನಲ್ಲಿ ತಿರುಗುತ್ತಾರೆ.

ಈ ಸಿಟ್ಟಿಗೆ ಕೆಟ್ಟ ಮುಖವೂ ಇತ್ತು. 1962ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್ ಕಚೇರಿಯ ತಯಾರಿಯ ವೇಳೆ, ವರ್ಷಗಟ್ಟಲೆ ಜೊತೆಗಿದ್ದ ಟ್ರಾಂಬೋನ್ ವಾದಕ ಜಿಮ್ಮಿ ನೆಪ್ಪರ್ ಅವರ ಬಾಯಿಗೆ ಗುದ್ದಿ ಹಲ್ಲು ಮುರಿದರು. ಬಾಯೇ ವಾದ್ಯವಾದವನ ಬಾಯಿ ಅದು. ಮೇಲಿನ ಸ್ವರಗಳು ನೆಪ್ಪರ್ ಅವರ ಕೈತಪ್ಪಿದವು. ಮಿಂಗಸ್ ಮೇಲೆ ನನಗೆಷ್ಟೇ ಅಭಿಮಾನವಿದ್ದರೂ ಇದಕ್ಕೆ ಸಮಜಾಯಿಷಿ ಹುಡುಕುವ ಮನಸ್ಸು ನನಗಿಲ್ಲ. ಆ ಕಚೇರಿಯೂ ಕೆಟ್ಟಿತು: ವೇದಿಕೆಯ ಮೇಲೇ ನಕಲುಗಾರರು ಇನ್ನೂ ಸ್ವರಲಿಪಿ ಬರೆಯುತ್ತಿದ್ದರು.

1977ರಲ್ಲಿ ಎಎಲ್‌ಎಸ್ ಎಂಬ ಕಾಯಿಲೆ ಪತ್ತೆಯಾಯಿತು. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಬೆರಳು ನಿಂತಾಗ ಟೇಪ್ ರೆಕಾರ್ಡರಿಗೆ ಹಾಡಿ ರಚಿಸಿದರು. 1979ರ ಜನವರಿ 5ರಂದು ಮೆಕ್ಸಿಕೋದ ಕ್ವೆರ್ನವಾಕದಲ್ಲಿ ತೀರಿಕೊಂಡಾಗ 56 ವರ್ಷ. ಪತ್ನಿ ಸೂ ಭಾರತಕ್ಕೆ ಬಂದು ಚಿತಾಭಸ್ಮವನ್ನು ಗಂಗೆಯಲ್ಲಿ ಬಿಟ್ಟರು.

ಅವರು ಬಿಟ್ಟುಹೋದ ಕಾಗದಗಳನ್ನು ಜೋಡಿಸುವಾಗ ಸಿಕ್ಕಿತು ‘ಎಪಿಟಾಫ್’. ನಾಲ್ಕು ಸಾವಿರಕ್ಕೂ ಹೆಚ್ಚು ಬಾರ್‌ಗಳು, ಅಂದರೆ ಸ್ವರಲಿಪಿಯ ತಾಳದ ಅಳತೆಗಳು, ಎರಡು ಗಂಟೆಗೂ ಮೀರಿದ ರಚನೆ. ಟೌನ್ ಹಾಲ್‌ನಲ್ಲಿ ಅದರ ತುಣುಕುಗಳನ್ನೇ ನುಡಿಸಲು ಹೆಣಗಿದ್ದು. ಪೂರ್ಣವಾಗಿ ಕೇಳಿಸಿದ್ದು 1989ರಲ್ಲಿ, ಗುಂಥರ್ ಶುಲರ್ ಅವರ ನಿರ್ದೇಶನದಲ್ಲಿ. ಹಾಳೆ ಬೇಡ ಎಂದವರ ಅತಿದೊಡ್ಡ ಕೃತಿ ಹಾಳೆಯ ಮೇಲೆಯೇ ಉಳಿದು ಕಾದಿತ್ತು.

ಇನ್ನೊಂದು ಕೇಳಿಸುತ್ತೇನೆ. 1957ರಲ್ಲಿ ಅರ್ಕಾನ್ಸಾದ ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ಮಕ್ಕಳು ಅದುವರೆಗೆ ಬಿಳಿಯರಿಗಷ್ಟೇ ಇದ್ದ ಶಾಲೆಯೊಳಗೆ ಕಾಲಿಡದಂತೆ ರಾಜ್ಯಪಾಲ ಫೌಬಸ್ ಸೈನಿಕರನ್ನು ನಿಲ್ಲಿಸಿದ. ಅವನ ಮೇಲೆ ಕಟ್ಟಿದ ಹಾಡು 1959ರಲ್ಲಿ ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿಯ ತಟ್ಟೆಯಲ್ಲಿ ಬರೀ ವಾದ್ಯಗಳಲ್ಲಿ ಬಂತು. 1960ರಲ್ಲಿ ಕ್ಯಾಂಡಿಡ್ ಎಂಬ ಚಿಕ್ಕ ಕಂಪನಿಗಾಗಿ ಮಾತುಗಳ ಸಮೇತ ಮುದ್ರಿಸಿದರು. ಅದೇ ಇದು. ಮಿಂಗಸ್ ಕೂಗಿ ಕೇಳುತ್ತಾರೆ, ಡ್ರಮ್ಸ್ ಹಿಂದಿನಿಂದ ರಿಚ್ಮಂಡ್ ಓಗೊಡುತ್ತಾರೆ, ವಾಟ್ಸ್‌ನ ಚರ್ಚಿನ ಹಾಗೆ. ಕೂಗುವಾಗಲೂ ಅವರ ಬೆರಳು ನಿಲ್ಲುವುದಿಲ್ಲ. ಕಿವಿ ಅಲ್ಲಿಡಿ.