ಗೋಡೆ ಒಡೆಯುವ ಮುನ್ನ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಮಲಗುವ ಕೋಣೆಯಲ್ಲಿ, ಬೀರುವಿನ ಹಿಂದೆ, ನೆಲದಿಂದ ಒಂದು ಗೇಣು ಮೇಲೆ ಗೋಡೆಯ ಬಣ್ಣ ಉಬ್ಬಿತ್ತು. ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿದು ಉದುರಿತು. ಒಳಗೆ ಬಿಳಿ ಉಪ್ಪಿನಂಥ ಪುಡಿ. ಮಳೆಗಾಲದ ಥಂಡಿ ಇರಬೇಕು ಅಂದುಕೊಂಡು ಕೆರೆಸಿ, ಪುಟ್ಟಿ ಹಾಕಿಸಿ, ಬಣ್ಣ ಹೊಡೆಸಿದೆವು. ಮೂರು ತಿಂಗಳಿಗೆ ಮತ್ತೆ ಉಬ್ಬಿತು. ಎರಡನೆಯ ಸಲ ವಾಟರ್‌ಪ್ರೂಫ್ ಬಣ್ಣ ಬಳಿಸಿದೆವು. ಆಗ ಆ ಜಾಗ ಸುಮ್ಮನಾಯಿತು, ಎರಡು ಅಡಿ ಆಚೆ ಉಬ್ಬಿತು. ಅದು 2024ರ ಮಾರ್ಚ್. ಹೊರಗೆ ಒಂದು ಹನಿ ಮಳೆ ಇಲ್ಲ. ಗೋಡೆ ಕುಡಿಯುತ್ತಿರುವುದು ನಮ್ಮ ಕೊಳಾಯಿಯ ನೀರು ಅಂತ ಆಗ ಹೊಳೆಯಿತು.

ಬೆಂಗಳೂರಿನಲ್ಲಿರುವವರಿಗೆ ಆ ಬೇಸಿಗೆ ಮರೆತಿರಲಾರದು. ಬೋರ್‌ವೆಲ್‌ಗಳು ಬತ್ತಿ, ಬಡಾವಣೆ ಬಡಾವಣೆಯಲ್ಲೂ ಟ್ಯಾಂಕರಿಗೆ ಕಾಯುತ್ತಿದ್ದೆವು. ಈ ಊರಿನ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದಾರಿ ಸವೆಸಿ, ಮೂರು ಕಡೆ ಪಂಪಾಗಿ, ಹತ್ತಿರ ಹತ್ತಿರ 500 ಮೀಟರ್ ಎತ್ತರ ಹತ್ತಿ ಬರುತ್ತದೆ. ಅಷ್ಟು ಕಷ್ಟಪಟ್ಟು ಬಂದ ನೀರು ನಮ್ಮ ಮನೆಯ ಗೋಡೆಯೊಳಗೆ ಇಂಗಿಹೋಗುತ್ತಿತ್ತು, ಇತ್ತ ನಾವು ದುಡ್ಡು ಕೊಟ್ಟು ಟ್ಯಾಂಕರ್ ತರಿಸುತ್ತಿದ್ದೆವು. ನನಗೆ ನಿಜವಾಗಿ ಸಂಕಟವಾಯಿತು.

ಮೊದಲು ಬಂದ ಪ್ಲಂಬರ್ ಗೋಡೆ ನೋಡಿ, "ಇದು ಬಾತ್‌ರೂಮಿಂದಾನೇ ಬರ್ತಿರೋದು ಮೇಡಂ, ಪೂರ್ತಿ ಒಡೆದು ಹೊಸದಾಗಿ ಮಾಡಿಬಿಡೋಣ" ಅಂದರು. ಎಲ್ಲಿ ಸೋರುತ್ತಿದೆ ಅಂತ ಕೇಳಿದರೆ, "ಒಡೆದರೆ ಗೊತ್ತಾಗುತ್ತೆ" ಅಂದರು. ನಾನು ಒಪ್ಪಲಿಲ್ಲ. ಒಡೆಯದೆಯೇ ಬಹಳಷ್ಟು ತಿಳಿಯಬಹುದು. ಅದಕ್ಕೆ ಬೇಕಾದದ್ದು ಒಂದು ಕೋಲು, ಒಂದು ಪೆನ್ಸಿಲ್, ನಾಲ್ಕೈದು ರಾತ್ರಿ.

ಮೊದಲ ರಾತ್ರಿ ಸಂಪು. ಎಲ್ಲರೂ ಮಲಗುವ ಹೊತ್ತಿಗೆ ಮೋಟರ್ ಆಫ್ ಮಾಡಿ, ಸಂಪಿಗೆ ನೀರು ಬರುವ ವಾಲ್ವ್ ಮುಚ್ಚಿ, ಒಣಗಿದ ಕೋಲನ್ನು ತಳ ಮುಟ್ಟುವವರೆಗೆ ನೆಟ್ಟಗೆ ಇಳಿಸಿದೆ. ಒದ್ದೆಯಾದ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಬೆಳಿಗ್ಗೆ ಯಾರೂ ಏಳುವ ಮುಂಚೆ ಅದೇ ಜಾಗದಲ್ಲಿ ಮತ್ತೆ ಇಳಿಸಿ ನೋಡಿದೆ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಸಂಪಿನಲ್ಲಿ ಒಂದೇ ಒಂದು ಸೆಂಟಿಮೀಟರ್ ಇಳಿದರೂ 30 ಲೀಟರ್ ಹೋಯಿತು ಎಂದು ಲೆಕ್ಕ. ನಮ್ಮದು ಇಳಿದಿರಲಿಲ್ಲ. ಸಂಪಿನ ಪಕ್ಕ ತೆಂಗಿನ ಮರವೋ ಬೇರೆ ದೊಡ್ಡ ಮರವೋ ಇದ್ದರೆ ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿ. ಬಿರುಕು ಸಿಕ್ಕ ಕಡೆ ಬೇರು ನುಗ್ಗುತ್ತದೆ.

ಎರಡನೆಯ ರಾತ್ರಿ ಮೇಲಿನ ಟ್ಯಾಂಕು. ಹೊರಹೋಗುವ ವಾಲ್ವ್ ಮುಚ್ಚಿ ಅಳೆದಾಗ ನೀರು ಇದ್ದಲ್ಲೇ ಇತ್ತು. ಮಾರನೆಯ ರಾತ್ರಿ ಆ ವಾಲ್ವ್ ಬಿಟ್ಟು, ಮನೆಯೊಳಗಿನ ನಲ್ಲಿಗಳನ್ನೆಲ್ಲ ನಿಲ್ಲಿಸಿ ಅಳೆದೆ. ಬೆಳಿಗ್ಗೆ 4 ಸೆಂಟಿಮೀಟರ್ ಇಳಿದಿತ್ತು. ಒಂದು ಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 8 ಲೀಟರ್. ಅಂದರೆ ಎಂಟು ಗಂಟೆಯಲ್ಲಿ 30 ಲೀಟರಿಗೂ ಮೇಲೆ. ದಿನಕ್ಕೆ 90 ಅಂದುಕೊಂಡರೂ ತಿಂಗಳಿಗೆ 2,700 ಲೀಟರ್. ಎರಡು ತಿಂಗಳಿಗೊಮ್ಮೆ ನಮ್ಮ ಗೋಡೆ ಹತ್ತಿರ ಹತ್ತಿರ ಒಂದು ಟ್ಯಾಂಕರ್ ನೀರು ಕುಡಿದಿತ್ತು.

ಟ್ಯಾಂಕು ಗಟ್ಟಿ, ಮನೆಯ ಲೈನು ಸೋರುತ್ತಿದೆ ಅಂತಾಯಿತು. ಇಲ್ಲಿ ಮೊದಲು ಅನುಮಾನ ಪಡಬೇಕಾದ್ದು ಕಮೋಡಿನ ಫ್ಲಶ್ ಟ್ಯಾಂಕನ್ನು. ಒಳಗಿನ ವಾಷರ್ ಸವೆದಿದ್ದರೆ, ಅಥವಾ ಬೋರ್ ನೀರಿನ ಉಪ್ಪು ಅದರ ಮೇಲೆ ಗಟ್ಟಿ ಕಟ್ಟಿದ್ದರೆ, ನೀರು ಸದ್ದಿಲ್ಲದೆ ಕಮೋಡಿಗೆ ಜಾರುತ್ತಿರುತ್ತದೆ. ಬೀಟ್‌ರೂಟ್ ಬೇಯಿಸಿದ ಕೆಂಪು ನೀರನ್ನು ಒಂದು ಲೋಟ ಆ ಟ್ಯಾಂಕಿಗೆ ಸುರಿದು, ಅರ್ಧ ಗಂಟೆ ಯಾರೂ ಫ್ಲಶ್ ಮಾಡದ ಹಾಗೆ ನೋಡಿಕೊಳ್ಳಿ. ಕಮೋಡಿನೊಳಗೆ ಕೆಂಪು ಕಂಡರೆ ವಾಷರ್ ಬದಲಿಸಿ. ಗೋಡೆ ಮುಟ್ಟುವ ಕೆಲಸವೇ ಇಲ್ಲ.

ನಮ್ಮಲ್ಲಿ ಕೆಂಪು ಕಾಣಲಿಲ್ಲ. ಆಮೇಲೆ ಒಂದೊಂದು ರಾತ್ರಿ ಒಂದೊಂದು ವಾಲ್ವ್ ಮುಚ್ಚುತ್ತ ಬಂದೆ. ಅಡುಗೆಮನೆಯದು ಮುಚ್ಚಿದರೂ ನೀರು ಇಳಿಯಿತು. ಬಾತ್‌ರೂಮಿನ ಗೀಸರಿಗೆ ತಣ್ಣೀರು ಹೋಗುವ ಸಣ್ಣ ವಾಲ್ವ್, ಅಂದರೆ ಆಂಗಲ್ ಕಾಕ್, ಮುಚ್ಚಿದ ರಾತ್ರಿ ಕೋಲಿನ ಗೀಟು ಕದಲಲಿಲ್ಲ. ಹಾಗಾದರೆ ಸೋರುತ್ತಿರುವುದು ಗೀಸರಿನಿಂದ ಮುಂದಿನ ಬಿಸಿನೀರಿನ ಪೈಪು. ಇಷ್ಟನ್ನು ಒಂದು ಮೊಳೆ ಹೊಡೆಯದೆ ತಿಳಿದುಕೊಂಡೆ.

ಆಮೇಲೆ ಕರೆಸಿದ ಪ್ಲಂಬರ್ ಹಿರಿಯರು. ಗೀಸರಿನಿಂದ ಬಿಸಿನೀರಿನ ಪೈಪು ಬಿಚ್ಚಿ, ಅದರ ಬಾಯಿಗೆ ಕೈಪಂಪು ಕಟ್ಟಿದರು. ಪ್ರೆಷರ್ ನೋಡುವ ಗಡಿಯಾರ ಇರುತ್ತದಲ್ಲ, ಆ ಪಂಪು. ಮುಳ್ಳು 5 ಕೆ.ಜಿ. ಪ್ರೆಷರಿಗೆ ಏರಿತು. ಕೈ ಬಿಟ್ಟೊಡನೆ ಮೆಲ್ಲಗೆ ಇಳಿಯತೊಡಗಿತು. "ಅಮ್ಮಾ, ಫ್ಯಾನ್ ಆಫ್ ಮಾಡಿ. ಯಾರೂ ಮಾತಾಡಬೇಡಿ" ಅಂದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟೈಲ್ಸಿಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಂಡು, ಒಂದೊಂದು ಟೈಲ್ ದಾಟುತ್ತ ಹೋದರು. ಷವರ್ ಮಿಕ್ಸರಿನ ಹತ್ತಿರ ನಿಂತರು. ನನ್ನ ಕಿವಿಗೂ ಕೊಟ್ಟರು. ದೂರದಲ್ಲಿ ಯಾರೋ ಹಲ್ಲುಸಂದಿಯಲ್ಲಿ ಗಾಳಿ ಎಳೆದುಕೊಂಡ ಹಾಗೆ ಸಣ್ಣ 'ಸ್ಸ್' ಸದ್ದು.

ಎರಡೇ ಟೈಲ್ಸ್ ತೆಗೆದರು. ಪೈಪು ತಿರುಗುವ ಕಡೆ ಹಾಕುವ ಪ್ಲಾಸ್ಟಿಕ್ ಎಲ್ಬೋದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹಿಂದೊಮ್ಮೆ ಮಿಕ್ಸರ್ ಬದಲಿಸಿದವರು ಹಿತ್ತಾಳೆಯ ತಿರುಪನ್ನು ಅತಿಯಾಗಿ ಬಲ ಹಾಕಿ ಬಿಗಿದಿದ್ದರು ಅಂತ ಅವರ ಅಂದಾಜು. ಗೋಡೆ ಒದ್ದೆಯಾದ ಜಾಗಕ್ಕೂ ಆ ಬಿರುಕಿಗೂ ಆರು ಅಡಿ ದೂರ! ನೀರು ಪೈಪಿಗಾಗಿ ಗೋಡೆಯಲ್ಲಿ ಕೊರೆದ ಸಂದಿಯಲ್ಲೇ ಕೆಳಗಿಳಿದು, ಟೈಲ್ಸ್ ಕೆಳಗಿನ ಮರಳಿನಲ್ಲಿ ಹರಿದು, ಆಚೆ ಕೋಣೆಯ ಗೋಡೆಯ ಬುಡ ಸೇರಿ, ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆಯೊಳಗೆ ಮೇಲೇರಿತ್ತು. ಒದ್ದೆ ಕಂಡಲ್ಲೇ ಸೋರಿಕೆ ಇದೆ ಅಂತ ಅಲ್ಲೇ ಒಡೆಸಿದ್ದರೆ ಒದ್ದೆ ಇಟ್ಟಿಗೆ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ.

ಎಲ್ಲ ಒದ್ದೆಯೂ ಪೈಪಿನದೇ ಆಗಬೇಕಿಲ್ಲ. ಸದಾ ನೀರು ತುಂಬಿರುವ ಪೈಪು ಒಡೆದರೆ ಒದ್ದೆ ಹಗಲೂ ರಾತ್ರಿ ಆರದು. ನೆಂಟರ ಮನೆಗೆ ನಾಲ್ಕು ದಿನ ಹೋಗಿ ಬಂದಾಗ ಗೋಡೆ ತುಸು ಒಣಗಿದ ಹಾಗಿದ್ದರೆ ಸ್ನಾನದ ನೀರಿನ ಮೇಲೆ ಅನುಮಾನ ಪಡಿ. ಬಚ್ಚಲ ನೀರು ಹೊರಹೋಗುವ ನೆಲದ ತೂತಿಗೆ, ಅಂದರೆ ನಹಾನಿ ಟ್ರ್ಯಾಪಿಗೆ, ಬಟ್ಟೆ ತುರುಕಿ, ಬಚ್ಚಲಲ್ಲಿ ಒಂದಂಗುಲ ನೀರು ನಿಲ್ಲಿಸಿ, ಒಂದು ದಿನ ಕಾಯಿರಿ. ಕೆಳಗೆ ಒದ್ದೆಯಾದರೆ ಟೈಲ್ಸ್ ಸಂದಿ ಸೋರುತ್ತಿದೆ. ಒದ್ದೆಯಾಗದೆ, ಬಟ್ಟೆ ತೆಗೆದು ನೀರು ಹರಿಯಬಿಟ್ಟಾಗ ಮಾತ್ರ ಆದರೆ, ಟ್ರ್ಯಾಪಿನ ಜೋಡಣೆಯೋ ಕೆಳಗಿನ ಪೈಪೋ ಬಿಟ್ಟುಕೊಂಡಿದೆ. ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ಜಗಳ ಹತ್ತುವುದು ಇದೇ ವಿಷಯಕ್ಕೆ. ಇಬ್ಬರೂ ಒಟ್ಟಿಗೆ ನಿಂತು ಈ ಪರೀಕ್ಷೆ ಮಾಡಿದರೆ ಮಾತಿಗೆ ಮಾತು ಬೆಳೆಯುವುದಿಲ್ಲ. ಸಂದಿಗಳಿಗೆ ಹಳೆಯ ಬಿಳಿ ಸಿಮೆಂಟಿನ ಮೇಲೆಯೇ ಮತ್ತೆ ಬಿಳಿ ಸಿಮೆಂಟು ಬಳಿಸಬೇಡಿ. ಹಳೆಯದನ್ನು ಪೂರ್ತಿ ಕೆರೆಸಿ ಎಪಾಕ್ಸಿ ಗ್ರೌಟ್ ತುಂಬಿಸಿ.

ಒಂದು ಸೋರಿಕೆಯ ಬಗ್ಗೆ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಭಯ. ಬೀದಿಯ ಮೀಟರಿನಿಂದ ಸಂಪಿನವರೆಗೆ ನೆಲದೊಳಗೆ ಬರುವ ಪೈಪಿನದು. ನಮ್ಮಲ್ಲಿ ನೀರು ಇಪ್ಪತ್ನಾಲ್ಕು ಗಂಟೆ ಬರುವುದಿಲ್ಲ. ಬರುವಾಗ ತೂತಿನಿಂದ ನೀರು ಹೊರಗೆ ಹೋಗುತ್ತದೆ. ನಿಂತಾಗ ಪೈಪು ಖಾಲಿಯಾಗಿ, ಅದೇ ತೂತಿನಿಂದ ಹೊರಗಿನ ಕೊಳೆ ಒಳಗೆ ಎಳೆದುಕೊಳ್ಳಬಹುದು. ಪಕ್ಕದಲ್ಲೇ ಚರಂಡಿ ಇದ್ದರೆ ಏನಾಗುತ್ತದೆ ಯೋಚಿಸಿ. ಮಕ್ಕಳಿಗೆ ವಾಂತಿ ಭೇದಿ ಹಿಡಿಯುವುದು ಹೀಗೂ ಉಂಟು. ನೀರು ಬರುವ ದಿನ ಸಂಪಿನ ಬಾಯಿಯ ವಾಲ್ವ್ ಮುಚ್ಚಿ, ಆ ಲೈನಿಗೆ ಬೇರೆ ನಲ್ಲಿ ಇದ್ದರೆ ಅದನ್ನೂ ನಿಲ್ಲಿಸಿ, ಮೀಟರಿನ ಮುಖದ ಸಣ್ಣ ಚಕ್ರವನ್ನು ಐದು ನಿಮಿಷ ನೋಡಿ. ತಿರುಗುತ್ತಿದ್ದರೆ ನೆಲದೊಳಗೆ ಸೋರುತ್ತಿದೆ. ರಿಪೇರಿ ಆಗುವವರೆಗೆ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಇನ್ನೊಂದು ಮಾತು: ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ನೋಡುವ ತನಕ ಆ ಬೋರ್ಡನ್ನು ಮುಟ್ಟಬೇಡಿ.

ರಿಪೇರಿ ವಿಷಯಕ್ಕೆ ಬರುತ್ತೇನೆ. ಒಡೆದ ಎಲ್ಬೋದ ಮೇಲೆ ಎಂ-ಸೀಲ್ ಮೆತ್ತಿ ಮುಚ್ಚೋಣವೇ ಅಂತ ಮನೆಯವರು ಕೇಳಿದರು. ಹೊರಗೆ ಕಾಣುವ ಪೈಪಿಗೆ ಒಂದೆರಡು ದಿನದ ಆಸರೆಗೆ ಆಗಬಹುದು, ಗೋಡೆಯೊಳಗೆ ಮುಚ್ಚಿಹೋಗುವ ಜಾಗಕ್ಕೆ ಬೇಡ. ಆ ಹಿರಿಯರು ಎಲ್ಬೋ ಇದ್ದಷ್ಟೂ ಕತ್ತರಿಸಿ, ಪೈಪಿನ ತುದಿ ಒರೆಸಿ ಒಣಗಿಸಿ, ಬಿಸಿನೀರು ತಡೆಯುವ ಪ್ಲಾಸ್ಟಿಕ್ಕಿನ ಸಿ.ಪಿ.ವಿ.ಸಿ. ಪೈಪಿಗೆ ಅದಕ್ಕೇ ಆದ ಸಾಲ್ವೆಂಟ್ ಅಂಟು ಹಚ್ಚಿ ಕೂಡಿಸಿದರು. ತಿರುಪಿಗೆ ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿಗೇ ಸುತ್ತಿದರು. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಮರುದಿನದವರೆಗೆ ನೀರು ಬಿಡಲಿಲ್ಲ. ಮತ್ತೆ ಪಂಪು ಕಟ್ಟಿ ಒಂದು ಗಂಟೆ ಕಾದೆವು. ಮುಳ್ಳು ನಿಂತಲ್ಲೇ ನಿಂತಿತ್ತು. ಟೈಲ್ಸ್ ಕೂರಿಸುವ ಮುಂಚೆ ಗೋಡೆಗೆ ಟೇಪು ಹಿಡಿದು ಫೋಟೋ ತೆಗೆದುಕೊಂಡೆ: ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು. ಮುಂದೆ ಯಾರಾದರೂ ಅಲ್ಲಿ ಡ್ರಿಲ್ ಮಾಡುವಾಗ ಬೇಕಾಗುತ್ತದೆ.

ಬಣ್ಣಕ್ಕೆ ಮಾತ್ರ ಅವಸರ ಮಾಡಲಿಲ್ಲ. ಉಬ್ಬಿದ ಗಾರೆಯನ್ನು ಕೆರೆಸಿ ಬರಿಗೋಡೆ ಬಿಟ್ಟೆವು. ವಾರಕ್ಕೊಮ್ಮೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡುತ್ತಿದ್ದೆ. ಮೊದಲ ವಾರ ಒಳಗೆ ಹನಿಹನಿ ಬೆವರಿತ್ತು. ಮೂರನೆಯ ವಾರ ಬರೀ ಮಬ್ಬು. ಆರನೆಯ ವಾರ ಹಾಳೆ ತಿಳಿಯಾಗಿತ್ತು. ಆಮೇಲೆ ಬಣ್ಣ ಹೊಡೆಸಿದೆವು. ಬೀರುವನ್ನು ಗೋಡೆಗೆ ತಾಗಿಸದೆ, ಕೈ ಹೋಗುವಷ್ಟು ಜಾಗ ಬಿಟ್ಟು ಇಟ್ಟಿದ್ದೇವೆ.

ನಮಸ್ಕಾರ.