ಬೆಳ್ಳಿ ಕಾಣದ ಹೊತ್ತು

ಈ ತಟ್ಟೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬರೀ ಬೂದು ಬಣ್ಣದ ಲೋಹ, ಅಲ್ವಾ? ಇದರ ಮೇಲೆ ಒಂದು ಪೂರ್ತಿ ಹೂಬಳ್ಳಿ ಇದೆ, ಬೆಳ್ಳಿಯದು. ಎಲೆ, ಮೊಗ್ಗು, ಬಳ್ಳಿಯ ಸುರುಳಿ, ಅಂಚಿಗೆ ಸಣ್ಣ ಚುಕ್ಕಿಗಳ ಸಾಲು. ಕೆತ್ತಿದ್ದಾಗಿದೆ, ಬೆಳ್ಳಿ ಕೂರಿಸಿದ್ದಾಗಿದೆ, ಉಜ್ಜಿದ್ದೂ ಆಗಿದೆ. ಆದರೂ ಕಾಣುತ್ತಿಲ್ಲ. ಬೆಳಕು ಓರೆಯಾಗಿ ಬೀಳುವಂತೆ ತಟ್ಟೆಯನ್ನು ತಿರುಗಿಸಿದಾಗ ಮಾತ್ರ ಎಲ್ಲೋ ಒಂದು ಗೆರೆ ಮಿಂಚಿ ಮತ್ತೆ ಮಾಯವಾಗುತ್ತೆ.

ನಮಸ್ಕಾರ. ಇದು ಬೀದರ್. ಹಳೇ ಊರಿನ ನಟ್ಟನಡುವೆ ಚೌಬಾರಾ ಅನ್ನೋ ಎತ್ತರದ ಗೋಪುರ ಇದೆ, ಅದರ ಆಸುಪಾಸಿನ ರಸ್ತೆಯಲ್ಲಿ ಬಿದ್ರಿ ಕೆಲಸದ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಲೆಯ, ಅಂಗಡಿಗಳಿವೆ. ಅಂಗಡಿಯ ಮುಂಭಾಗದಲ್ಲಿ ಕಪ್ಪು ಹೂದಾನಿ, ಕಪ್ಪು ಪೆಟ್ಟಿಗೆ, ಅವುಗಳ ಮೇಲೆ ಕಣ್ಣು ಕೋರೈಸುವ ಬೆಳ್ಳಿ ಚಿತ್ತಾರ. ಬಂದವರೆಲ್ಲ ಅಲ್ಲೇ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಲಿ, ಅಷ್ಟು ಚೆನ್ನಾಗಿವೆ. ಆದರೆ ದಿನದಿನದ ಬದುಕಿಗೆ ಸ್ಫೂರ್ತಿ ಎಲ್ಲಿಂದ ತರೋದು ಅಂತ ಯಾರಾದರೂ ಕೇಳಿದರೆ, ನಾನು ಇನ್ನು ಮೇಲೆ ಹಿಂದಿನ ಕೋಣೆಯಲ್ಲಿರುವ ಈ ಬೂದು ತಟ್ಟೆಯನ್ನೇ ತೋರಿಸುತ್ತೇನೆ. ಯಾಕೆ ಅಂತ ಹೇಳಬೇಕಾದರೆ ಕೆಲಸವನ್ನ ಮೊದಲಿನಿಂದ ನೋಡಬೇಕು. ಬನ್ನಿ.

ಬಿದ್ರಿಯ ಲೋಹ ಅಂದರೆ ಸತು ಮತ್ತು ತಾಮ್ರ. ಸತುವೇ ಬಹುಪಾಲು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಅನ್ನೋದು ಇಲ್ಲಿನ ಲೆಕ್ಕ. ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಹದ ಮಾಡಿ ಅಚ್ಚು ಕಟ್ಟುತ್ತಾರೆ. ಕರಗಿದ ಲೋಹವನ್ನ ಅದರೊಳಗೆ ಹೊಯ್ಯುತ್ತಾರೆ. ಈ ಮಿಶ್ರಲೋಹ ಬಗ್ಗೋ ಜಾತಿಯದಲ್ಲ. ಬಡಿದು ಆಕಾರ ಕೊಡೋಕೆ ಹೋದರೆ ಒಡೆದುಹೋಗುತ್ತೆ. ಹಾಗಾಗಿ ಅಚ್ಚಿನಲ್ಲೇ ಆಕಾರ ಸರಿಯಾಗಿ ಬರಬೇಕು. ಅಚ್ಚಿನಿಂದ ಹೊರಬಂದಾಗ ಮೈಯೆಲ್ಲ ಒರಟು. ಅರ ಹಾಕಿ ಉಜ್ಜುತ್ತಾರೆ, ಉಜ್ಜುತ್ತಲೇ ಇರುತ್ತಾರೆ. ಈ ಭಾಗದ ವಿಡಿಯೋ ಯಾರೂ ಪೂರ್ತಿ ನೋಡುವುದಿಲ್ಲ ಅಂತ ಗೊತ್ತು. ಆದರೂ ನಾನು ಕತ್ತರಿಸಿಲ್ಲ, ಅರದ ಸದ್ದನ್ನೂ ತೆಗೆದಿಲ್ಲ.

ಮೈ ನುಣುಪಾದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಲೋಹ ಕಪ್ಪಾಗುತ್ತೆ. ಇದು ತಾತ್ಕಾಲಿಕ ಕಪ್ಪು, ಗೀರು ಎದ್ದು ಕಾಣಲಿ ಅಂತ ಮಾತ್ರ. ಆ ಕಪ್ಪಿನ ಮೇಲೆ ಮೊನಚು ಕಡ್ಡಿಯಿಂದ ಚಿತ್ತಾರ ಬರೆಯುತ್ತಾರೆ, ಬರಿಗೈಯಲ್ಲೇ. ಆ ಕೈ ನಡುಗುವುದಿಲ್ಲ. ವರ್ತುಲವನ್ನ ಒಂದೇ ಉಸಿರಿಗೆ ಎಳೆದು, ಶುರುವಾದಲ್ಲಿಗೇ ತಂದು ಕೂಡಿಸಿಬಿಡುತ್ತಾರೆ. ಆಮೇಲೆ ಪುಟ್ಟ ಉಳಿಗಳು. ಗೆರೆಗೆ ಒಂದು ಉಳಿ, ತಿರುವಿಗೆ ಇನ್ನೊಂದು, ಚುಕ್ಕಿಗೆ ಮತ್ತೊಂದು. ಉಳಿ ಹೋದ ದಾರಿಯಲ್ಲಿ ಸಣ್ಣ ಕಾಲುವೆ ಮೂಡುತ್ತೆ, ಅದರೊಳಗೆ ಬೆಳ್ಳಿ ತಂತಿಯನ್ನಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಅನ್ನುತ್ತಾರೆ. ಬೆಳ್ಳಿಯ ತೆಳು ತಗಡನ್ನ ಕತ್ತರಿಸಿ ಕೂರಿಸಿದರೆ ಅದು ತಹ್‌ನಿಶಾನ್. ಅಂಟು ಇಲ್ಲ, ಬೆಸುಗೆ ಇಲ್ಲ. ಕಾಲುವೆ ಎಷ್ಟು ಆಳ ಬೇಕೋ ಅಷ್ಟೇ ಆಳ ಇದ್ದರೆ ಬೆಳ್ಳಿ ತಾನಾಗಿ ಹಿಡಿದು ಕೂರುತ್ತೆ.

ಈಗ ಬರುವ ಹಂತವನ್ನ ಗಮನಿಸಿ. ಬೆಳ್ಳಿ ಕೂತ ಮೇಲೆ ಮತ್ತೆ ಮೈಯನ್ನೆಲ್ಲ ಉಜ್ಜುತ್ತಾರೆ. ಆ ತಾತ್ಕಾಲಿಕ ಕಪ್ಪು ಪೂರ್ತಿ ಹೋಗುತ್ತೆ. ಕೆಳಗಿನ ಸತುವೂ ಬಿಳಿ, ಮೇಲಿನ ಬೆಳ್ಳಿಯೂ ಬಿಳಿ. ಎರಡೂ ಒಂದಾಗಿಬಿಡುತ್ತವೆ. ಅಷ್ಟು ದಿನ ಕಣ್ಣು ಕಿರಿದು ಮಾಡಿ ಕೂತು ಮಾಡಿದ ಕೆಲಸ, ಮುಗಿಯೋದಕ್ಕೆ ಒಂದೇ ಹೆಜ್ಜೆ ಬಾಕಿ ಇದ್ದಾಗ, ಕಣ್ಣಿಗೆ ಕಾಣದಂತಾಗುತ್ತೆ. ನಿಮ್ಮ ಮುಂದಿರುವ ತಟ್ಟೆ ಆ ಹಂತದ್ದು.

ಅದನ್ನ ಮಾಡುತ್ತಿದ್ದವರ ಮುಖವನ್ನೇ ನಾನು ನೋಡುತ್ತಾ ಕೂತಿದ್ದೆ. ಅವರಿಗೆ ಆತಂಕವೇ ಇಲ್ಲ. ಬೆರಳಿನ ತುದಿಯನ್ನ ಮೇಲಿಂದ ಹಾಯಿಸಿ, ಎಲ್ಲೂ ತಂತಿ ಎದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಪಕ್ಕಕ್ಕಿಟ್ಟು ಮುಂದಿನದನ್ನ ಕೈಗೆತ್ತಿಕೊಂಡರು. ಕಣ್ಣಿಗೆ ಕಾಣದಿದ್ದರೂ ಬೆಳ್ಳಿ ಅಲ್ಲೇ ಇದೆ ಅಂತ ಅವರ ಕೈಗೆ ಗೊತ್ತಿದೆ.

ನನಗೆ ಆ ಕ್ಷಣ ನೆನಪಾಗಿದ್ದು ನನ್ನ ತಂಗಿ. ಅವಳು ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಆ ಊರಲ್ಲಿ ಓದುವ ಹುಡುಗ ಹುಡುಗಿಯರನ್ನ ನೀವು ನೋಡಿರುತ್ತೀರಿ. ಬೆಳಗಾಗುವ ಮುಂಚೆ ಲೈಬ್ರರಿಯಲ್ಲಿ ಜಾಗ ಹಿಡಿಯೋದು, ಮಧ್ಯಾಹ್ನ ಖಾನಾವಳಿ, ಮತ್ತೆ ಲೈಬ್ರರಿ. ಮೊದಮೊದಲಿನ ಹುರುಪು ಹೋಗಿದೆ, ಫಲಿತಾಂಶ ಬಂದಿಲ್ಲ. ಊರಿಗೆ ಹೋದರೆ ಎಲ್ಲರದೂ ಒಂದೇ ಪ್ರಶ್ನೆ: ಏನಾಯ್ತವ್ವಾ ನಿಂದು? ತೋರಿಸೋಕೆ ಕೈಯಲ್ಲಿ ಏನೂ ಇರುವುದಿಲ್ಲ. ಸಂಗೀತ ಕಲಿಯುವವರಿಗೂ ಇದು ಗೊತ್ತು. ಸರಳೆವರಸೆ ದಾಟಿದ ಮೇಲೆ, ಕಛೇರಿಗೆ ಇನ್ನೂ ಬಹಳ ದೂರ ಇರುವಾಗ, ಅಭ್ಯಾಸ ಮಾಡಿದಷ್ಟೂ ಕೈ ಹಿಂದೆ ಹೋದ ಹಾಗೆ ಅನಿಸುವ ಒಂದು ಕಾಲ ಬರುತ್ತೆ. ಕಲಿಕೆಯಲ್ಲಿ ಜನ ಬಿಟ್ಟು ಹೋಗೋದು ಬಹುತೇಕ ಅಲ್ಲೇ, ಅದು ಸೋಮಾರಿತನದಿಂದ ಅಂತ ನಾನು ನಂಬುವುದಿಲ್ಲ. ಮಾಡಿದ್ದು ಕಾಣದಿದ್ದಾಗ ಮಾಡಿಯೇ ಇಲ್ಲ ಅನಿಸಿಬಿಡುತ್ತೆ. ಆ ತಟ್ಟೆಯ ಫೋಟೋವನ್ನ ಅವಳಿಗೆ ಕಳಿಸಿ, ಇದರಲ್ಲಿ ಹೂಬಳ್ಳಿ ಎಲ್ಲಿದೆ ಹುಡುಕು ಅಂತ ಬರೆದೆ.

ಸರಿ, ಕೊನೆಯ ಹೆಜ್ಜೆ. ಬೀದರ್ ಕೋಟೆಯ ಹಳೇ ಭಾಗಗಳಲ್ಲಿ, ಬಿಸಿಲು ಮಳೆ ತಾಗದ ಜಾಗದಿಂದ ಮಣ್ಣು ತರುತ್ತಾರೆ. ಸಿಕ್ಕ ಮಣ್ಣೆಲ್ಲ ಆಗುವುದಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ನೋಡುವ ಹಾಗೆ, ಚಿಟಿಕೆ ಮಣ್ಣನ್ನ ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುತ್ತಾರೆ. ಆ ಮಣ್ಣಿಗೆ ನವಸಾಗರ ಅನ್ನೋ ಲವಣ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ಉಜ್ಜುತ್ತಾರೆ. ಸತು ತಾಮ್ರದ ಮೈ ಕಾಡಿಗೆಗಪ್ಪಾಗುತ್ತೆ. ಈ ಸಲ ಅದು ಶಾಶ್ವತ ಕಪ್ಪು. ಬೆಳ್ಳಿಗೆ ಆ ಮಣ್ಣು ಏನೂ ಮಾಡುವುದಿಲ್ಲ. ತೊಳೆದು, ಎಣ್ಣೆ ಸವರಿ ಒರೆಸಿದಾಗ... ನೋಡಿ. ನಾನು ಇಲ್ಲಿ ಸುಮ್ಮನಿರುತ್ತೇನೆ, ನೀವೇ ನೋಡಿ.

ಇದನ್ನ ಮಾಡುತ್ತಿದ್ದವರಿಗೆ ಇದು ನಿತ್ಯದ ಕೆಲಸ, ಆದರೂ ತೊಳೆಯುವಾಗ ಅವರ ಕಣ್ಣೂ ಅರಳಿದ್ದನ್ನ ಕ್ಯಾಮೆರಾ ಹಿಡಿದಿದೆ.

ಈ ಕಲೆಯ ಹೆಸರು ಹೇಳುವಾಗ ಶಾ ರಶೀದ್ ಅಹ್ಮದ್ ಕಾದ್ರಿ ಅವರನ್ನ ನೆನೆಯದೆ ಮುಂದೆ ಹೋಗುವ ಹಾಗಿಲ್ಲ. ಬೀದರಿನವರು. ತಂದೆಯಿಂದ ಕಲಿತು, ಇಡೀ ಆಯುಷ್ಯವನ್ನೇ ಇದಕ್ಕೆ ಕೊಟ್ಟವರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2011ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಪಥದಲ್ಲಿ ಸಾಗಿದ ಕರ್ನಾಟಕದ ಸ್ತಬ್ಧಚಿತ್ರದ ವಿಷಯವೂ ಬಿದ್ರಿಯೇ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 17ನೇ ಶತಮಾನದ ಬಿದ್ರಿ ಹುಕ್ಕಾಗಳಿವೆ. ನಮ್ಮಲ್ಲೇ ಎಷ್ಟೋ ಜನ ಬೀದರ್ ಅಂದ ತಕ್ಷಣ ಹಿಂದುಳಿದ ಜಿಲ್ಲೆ ಅನ್ನುತ್ತಾರೆ. ನಕ್ಷೆಯ ತುದಿಯಲ್ಲಿದೆ ಅನ್ನೋದಷ್ಟೇ ಅವರಿಗೆ ಗೊತ್ತು. ಆ ಮಾತು ಕೇಳಿದಾಗೆಲ್ಲ ನನಗೆ ನೋವಾಗುತ್ತೆ.

ಚೌಬಾರಾದಿಂದ ಕೋಟೆಯ ಕಡೆ ನಡೆದರೆ ದಾರಿಯಲ್ಲೇ ಮಹಮೂದ್ ಗಾವಾನನ ಮದರಸಾ. ನೋಡಿ, ಒಂದೇ ಮಿನಾರು ಉಳಿದಿದೆ. ಅದರ ಮೈ ಮೇಲೆ ನೀಲಿ, ಹಸಿರು, ಹಳದಿ ಹೆಂಚುಗಳ ತುಣುಕು.

ಗಾವಾನ್ ಇರಾನಿನ ಗೀಲಾನ್ ಪ್ರಾಂತ್ಯದವನು. ವ್ಯಾಪಾರಿಯಾಗಿ ದಖನ್ನಿಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಹೊಸ ನೆಲ, ಹೊಸ ಭಾಷೆ, ಹೊಸ ಆಸ್ಥಾನ. ಆ ವಯಸ್ಸಿನಲ್ಲಿ ಶುರು ಮಾಡಿ ಬಹಮನಿ ಸಾಮ್ರಾಜ್ಯದ ಪ್ರಧಾನಿಯಾದ. ಅರವತ್ತರ ಹೊತ್ತಿಗೆ, 1472ರಲ್ಲಿ, ಈ ವಿದ್ಯಾಲಯ ಕಟ್ಟಿ ಮುಗಿಸಿದ. ಮೂರು ಅಂತಸ್ತು, ಪಾಠದ ಕೋಣೆಗಳು, ಓದುವವರಿಗೆ ವಾಸದ ಕೋಣೆಗಳು, ಮಸೀದಿ, ಪುಸ್ತಕ ಭಂಡಾರ. ಆ ಭಂಡಾರದಲ್ಲಿ 3,000 ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಒಂದೊಂದೂ ಕೈಯಲ್ಲಿ ಬರೆದದ್ದು ಅನ್ನೋದನ್ನ ನೆನಪಿಟ್ಟು ಆ ಸಂಖ್ಯೆಯನ್ನ ಇನ್ನೊಮ್ಮೆ ಕೇಳಿಸಿಕೊಳ್ಳಿ. ಮದರಸಾ ಮುಗಿದು ಹತ್ತು ವರ್ಷವೂ ಆಗಿರಲಿಲ್ಲ, 1481ರಲ್ಲಿ, ವಿರೋಧಿಗಳು ಅವನ ಹೆಸರಿನಲ್ಲಿ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ಅದನ್ನ ನಂಬಿ ಗಾವಾನನ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ತೀರಿಕೊಂಡ. ವಿದ್ಯಾಲಯ ಮಾತ್ರ ಇನ್ನೂ ಎರಡು ಶತಮಾನ ಗಟ್ಟಿಯಾಗಿ ನಿಂತಿತ್ತು. ಔರಂಗಜೇಬನ ಕಾಲದಲ್ಲಿ ಇದರೊಳಗೆ ಸಿಡಿಮದ್ದು ತುಂಬಿಟ್ಟಿದ್ದರಂತೆ. ಅದು ಸಿಡಿದು ಅರ್ಧ ಕಟ್ಟಡ ಹಾರಿಹೋಯಿತು ಅನ್ನೋದು ಒಂದು ಮಾತು, ಸಿಡಿಲು ಬಡಿಯಿತು ಅನ್ನೋದು ಇನ್ನೊಂದು. ಪುಸ್ತಕ ಇರಬೇಕಾದ ಕಡೆ ಮದ್ದು ತುಂಬಿದ ಮಾತು ಕೇಳಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ಉಳಿದ ಅರ್ಧದ ಮುಂದೆ ನಿಂತಾಗ, ನಲವತ್ತರ ಮೇಲೆ ಪರವೂರಿಗೆ ಬಂದವನೊಬ್ಬ ಇಷ್ಟನ್ನ ಕಟ್ಟಿದನಲ್ಲ ಅನ್ನೋದೇ ಮನಸ್ಸು ತುಂಬಿತು. ಈ ವಯಸ್ಸಿಗೆ ಇನ್ನೇನು ಕಲಿಯೋದು ಅನ್ನುವ ಚಿಕ್ಕಪ್ಪ, ಅತ್ತೆಯರು ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ಅವರನ್ನ ಇಲ್ಲಿಗೆ ಒಮ್ಮೆ ಕರೆತನ್ನಿ.

ಕೋಟೆಯೊಳಗೆ ರಂಗೀನ್ ಮಹಲ್ ಇದೆ. ಬೀಗ ಹಾಕಿದ್ದರೆ ಅಲ್ಲಿನ ಸಿಬ್ಬಂದಿಯನ್ನ ಕೇಳಿ. 16ನೇ ಶತಮಾನದಲ್ಲಿ ಬೀದರನ್ನಾಳುತ್ತಿದ್ದ ಅಲಿ ಬರೀದ್ ಶಾ ಇದನ್ನ ಅಲಂಕರಿಸಿದ. ಕಪ್ಪು ಕಲ್ಲಿನ ಒಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಬಳ್ಳಿ ಬಳ್ಳಿಯಾಗಿ. ಕಪ್ಪಿನಲ್ಲಿ ಬಿಳಿಯನ್ನ ಕೂರಿಸುವ ಹುಚ್ಚು ಈ ಊರಿಗೆ ಕಲ್ಲಿನಲ್ಲೂ ಇತ್ತು, ಲೋಹದಲ್ಲೂ ಇದೆ.

ಒಂದು ಕಷ್ಟದ ವಿಷಯವನ್ನೂ ಹೇಳಲೇಬೇಕು. ಬೆಳ್ಳಿಯ ಬೆಲೆ ಏರಿದಾಗೆಲ್ಲ ಇವರ ಬಂಡವಾಳ ಏರುತ್ತೆ, ಆದರೆ ಕೊಳ್ಳುವವರು ಹಳೇ ಬೆಲೆಗೇ ಚೌಕಾಸಿ ಮಾಡುತ್ತಾರೆ. ಇಡೀ ದಿನ ಬಗ್ಗಿ ಕೂರುವ ಕೆಲಸ, ಕಣ್ಣಿಗೂ ಬೆನ್ನಿಗೂ ಭಾರ. ಮಕ್ಕಳು ಬೇರೆ ಕೆಲಸ ಹುಡುಕಿದರೆ ತಪ್ಪು ಅನ್ನಲಾರೆ. ಅದರ ನಡುವೆಯೂ ಹೊಸಬರು ಕಲಿಯುತ್ತಿದ್ದಾರೆ, ಹೆಣ್ಣುಮಕ್ಕಳೂ ಉಳಿ ಹಿಡಿದಿದ್ದಾರೆ. ಹಳೇ ಹೂಜಿ ಹುಕ್ಕಾಗಳ ಜೊತೆ ಕಿವಿಯೋಲೆ, ಪೆನ್ನು, ಪೆನ್‌ಡ್ರೈವ್ ಕವಚದ ಮೇಲೂ ಅದೇ ಹೂಬಳ್ಳಿ ಹಬ್ಬಿದೆ.

ನೀವು ಬೀದರಿಗೆ ಬಂದರೆ ಅಂಗಡಿಯಲ್ಲಿ ಒಂದು ಮಾತು ಕೇಳಿ: ಕಪ್ಪು ಹಚ್ಚುವ ಮುಂಚಿನದು ಯಾವುದಾದರೂ ಇದೆಯಾ ಅಂತ. ನಾವು ಕೇಳಿದ ಕಡೆ ಖುಷಿಯಿಂದ ತೋರಿಸಿದರು, ಕೂರಿಸಿ ಚಹಾ ಕೊಟ್ಟರು. ಕೊಳ್ಳುವುದಾದರೆ ಚೌಕಾಸಿ ಮಾಡಬೇಡಿ. ಮನೆಗೆ ತಂದ ಮೇಲೆ ಹುಣಸೆಹಣ್ಣು, ಪಾತ್ರೆ ಪುಡಿ ಯಾವುದನ್ನೂ ಹಚ್ಚಬೇಡಿ, ಕಪ್ಪು ಹಾಳಾಗುತ್ತೆ. ಮೆತ್ತನೆ ಬಟ್ಟೆಗೆ ಸ್ವಲ್ಪ ಎಣ್ಣೆ ಹಾಕಿ ಒರೆಸಿದರೆ ಸಾಕು. ಕೆಳಗೆ ಬೀಳಿಸಬೇಡಿ, ಒಡೆಯುತ್ತೆ.

ಅಂದಹಾಗೆ, ತಂಗಿಗೆ ಹೂಬಳ್ಳಿ ಸಿಕ್ಕಿತು. ಫೋಟೋವನ್ನ ಹಿಗ್ಗಿಸಿ ಒಂದು ಎಲೆಗೆ ಕೆಂಪು ಗುಂಡು ಹಾಕಿ ವಾಪಸ್ ಕಳಿಸಿದ್ದಾಳೆ, ಜೊತೆಗೆ ಪರೀಕ್ಷೆ ಮುಗಿದ ಮೇಲೆ ಬೀದರಿಗೆ ಕರೆದುಕೊಂಡು ಹೋಗು ಅನ್ನೋ ಬೇಡಿಕೆ. ಮುಂದಿನ ವಿಡಿಯೋ ಇದೇ ಊರಿನ ನೌಬಾದ್‌ನಿಂದ. ಬಹಮನಿಗಳ ಕಾಲದಲ್ಲಿ ನೆಲದೊಳಗೆ ಕೊರೆದ ಸುರಂಗ ಬಾವಿ, ಸಾಲು ಸಾಲು ಬಾವಿಬಾಯಿಗಳು, ಇಳಿಜಾರಿನ ಬಲದಿಂದಲೇ ಹರಿಯುವ ನೀರು. ಅಲ್ಲಿ ಸಿಗೋಣ.